ಇದ್ದಿಲು: ಕಾಡು, ಕುಲುಮೆ ಮತ್ತು ಕಡತ

ಕನ್ನಡ ನಾಡಿನ ಸಾಂಸ್ಕೃತಿಕ ಚರಿತ್ರೆಯನ್ನು ಬರೆದ ವಿದ್ವಾಂಸರು ಕಲ್ಲಿಗೆ, ಲೋಹಕ್ಕೆ, ಓಲೆಗೆ ತಕ್ಕ ಸ್ಥಾನವನ್ನು ಕೊಟ್ಟಿದ್ದಾರೆ. ಶಾಸನಗಳ ಅಧ್ಯಯನದಿಂದ ಕಲ್ಲಿನ ಚರಿತ್ರೆಯೂ, ನಾಣ್ಯ ಮತ್ತು ತಾಮ್ರಪಟಗಳಿಂದ ಲೋಹದ ಚರಿತ್ರೆಯೂ, ಗ್ರಂಥಸಂಪಾದನೆಯಿಂದ ತಾಳೆಗರಿಯ ಚರಿತ್ರೆಯೂ ನಮಗೆ ತಕ್ಕಮಟ್ಟಿಗೆ ದೊರೆತಿವೆ. ಆದರೆ ಈ ಮೂರರ ಹಿಂದೆಯೂ ನಿಂತಿರುವ ಒಂದು ವಸ್ತುವನ್ನು ನಾವು ಪ್ರತ್ಯೇಕವಾಗಿ ಗಮನಿಸಿಲ್ಲ. ಅದು ಇದ್ದಿಲು. ಕಲ್ಲನ್ನು ಕೊರೆದ ಉಳಿ, ನಾಣ್ಯವನ್ನು ಮುದ್ರಿಸಿದ ಅಚ್ಚು, ಓಲೆಯ ಮೇಲೆ ಅಕ್ಷರ ಗೀರಿದ ಕಂಟ, ಇವೆಲ್ಲ ಕಬ್ಬಿಣದವು. ಆ ಕಬ್ಬಿಣವನ್ನು ಅದಿರಿನಿಂದ ಬಿಡಿಸಿದ್ದು ಇದ್ದಿಲು. ಹತ್ತೊಂಬತ್ತನೆಯ ಶತಮಾನದವರೆಗೂ ಕನ್ನಡ ನಾಡಿನಲ್ಲಿ ಇದ್ದಿಲಿಲ್ಲದೆ ಕಬ್ಬಿಣ ಕರಗಿದ ಒಂದು ಕುಲುಮೆಯೂ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು.

ನಮ್ಮ ಶಾಸನಗಳ ಕೊನೆಯಲ್ಲಿ ಅನೇಕ ಕಡೆ ಪದ್ಯ ರಚಿಸಿದ ಕವಿಯ ಹೆಸರು, ಬರೆದ ಕರಣಿಕನ ಹೆಸರು, ಖಂಡರಿಸಿದ ಶಿಲ್ಪಿಯ ಹೆಸರು ಬರುತ್ತವೆ. ಗಾಣದೆರೆ, ಮಗ್ಗದೆರೆಗಳ ಉಲ್ಲೇಖಗಳಿಂದ ಗಾಣಿಗರೂ ನೇಕಾರರೂ ಚರಿತ್ರೆಯೊಳಗೆ ಬಂದಿದ್ದಾರೆ. ಪಂಚಾಳರ ವಿಷಯವಾಗಿ ಸಾಕಷ್ಟು ಚರ್ಚೆ ನಡೆದಿದೆ. ಅವರ ಕುಲುಮೆಗೆ ಇದ್ದಿಲು ಸುಟ್ಟು ತಂದವರ ವಿಷಯವಾಗಿ ಅಂಥ ಚರ್ಚೆ ನಡೆದಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ಈ ವಸ್ತುವನ್ನು ಎರಡು ಮುಖಗಳಿಂದ ನೋಡಲು ಯತ್ನಿಸುತ್ತೇವೆ. ಇದ್ದಿಲು ಉರಿದು ಶಾಖ ಕೊಡುವ ಇಂಧನ ಎಂಬುದು ಒಂದು ಮುಖ. ಲೋಹದೊಳಗೂ ಲಿಪಿಯೊಳಗೂ ಸೇರಿಹೋಗುವ ದ್ರವ್ಯ ಎಂಬುದು ಇನ್ನೊಂದು. ಮೊದಲನೆಯದು ಎಲ್ಲರಿಗೂ ತಿಳಿದದ್ದು. ಎರಡನೆಯದನ್ನು ಮರೆತದ್ದರಿಂದಲೇ ಇದ್ದಿಲನ್ನು ಉರಿದು ಉಳಿದ ಶೇಷವೆಂದು ಮಾತ್ರ ಎಣಿಸುವ ರೂಢಿ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

1. ಹೆಸರುಗಳ ಸಾಕ್ಷ್ಯ

ಮೊದಲು ಶಬ್ದಗಳನ್ನು ಗಮನಿಸೋಣ. ಇದ್ದಲ್, ಇದ್ದಲಿ, ಇದ್ದಲು, ಇದ್ದಿಲು, ಇಜ್ಜಲು ಎಂಬ ರೂಪಗಳು ಕನ್ನಡದಲ್ಲಿ ಬಳಕೆಯಲ್ಲಿವೆ. ಇವುಗಳೊಡನೆ ಇಂಗಳ ಎಂಬ ಇನ್ನೊಂದು ಶಬ್ದವೂ ಉಂಟು. ಇದು ಸಂಸ್ಕೃತದ ಅಂಗಾರ ಶಬ್ದವು ಪ್ರಾಕೃತದಲ್ಲಿ ಇಂಗಾಲ ಎಂದಾಗಿ ನಮಗೆ ಬಂದದ್ದು. ಕೇಶಿರಾಜನ ಪರಿಭಾಷೆಯಲ್ಲಿ ಹೇಳುವುದಾದರೆ ಅಪಭ್ರಂಶ. ಆಧುನಿಕ ಕಾಲದಲ್ಲಿ ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಬರೆಯಬೇಕಾಗಿ ಬಂದಾಗ ಕಾರ್ಬನ್ ಎಂಬ ಮೂಲವಸ್ತುವಿಗೆ ಇಂಗಾಲ ಎಂಬ ಹೆಸರು ನಿಂತಿತು. ಇಂದು ಶಾಲೆಯ ಮಕ್ಕಳೂ ಆಡುವ ಈ ಮಾತು ಕೆಂಡ ಮತ್ತು ಇದ್ದಿಲುಗಳ ಹಳೆಯ ಪ್ರಾಕೃತ ಹೆಸರೇ ಆಗಿದೆ.

ಯೂರೋಪಿನಲ್ಲಿಯೂ ಹೀಗೆಯೇ ಆಯಿತು. ಫ್ರಾನ್ಸಿನ ಲಾವಾಸಿಯೆ 1789ರಲ್ಲಿ ಪ್ರಕಟಿಸಿದ ಮೂಲವಸ್ತುಗಳ ಪಟ್ಟಿಯಲ್ಲಿ ಬಳಸಿದ ಕಾರ್ಬೋನ್ ಎಂಬ ಹೆಸರು ಇದ್ದಿಲು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಹಳಗನ್ನಡದಲ್ಲಿ ಕಬ್ಬಿಣಕ್ಕೆ ಕರ್ಬೊನ್, ಕರ್ಬುನ ಎಂಬ ರೂಪಗಳಿವೆ. ಕರಿದಾದ ಪೊನ್, ಅಂದರೆ ಕಪ್ಪು ಲೋಹ ಎಂದು ಅದರ ಅರ್ಥ. ಕರ್ಬೊನ್, ಕಾರ್ಬನ್ ಎಂಬ ಎರಡು ಶಬ್ದಗಳ ಧ್ವನಿಸಾಮ್ಯವನ್ನು ಕಂಡು ಸಂಬಂಧ ಕಲ್ಪಿಸುವ ಉತ್ಸಾಹ ಸಲ್ಲದು. ಅದು ಕೇವಲ ಆಕಸ್ಮಿಕ. ಕಬ್ಬಿಣಕ್ಕೂ ಇಂಗಾಲಕ್ಕೂ ಇರುವ ನಿಜವಾದ ಸಂಬಂಧ ಕುಲುಮೆಯಲ್ಲಿದೆ, ನಿಘಂಟಿನಲ್ಲಿಲ್ಲ.

ಹೊರನಾಡ ಕನ್ನಡಿಗರಿಗೆ ಈ ಹೆಸರುಗಳ ತೌಲನಿಕ ಅಧ್ಯಯನ ಸುಲಭಸಾಧ್ಯ. ಮುಂಬಯಿ, ಪುಣೆಗಳಲ್ಲಿರುವವರು ಮರಾಠಿಯ ಕೋಳಸಾ, ದಗಡಿ ಕೋಳಸಾ ಎಂಬ ಮಾತುಗಳನ್ನು ಕೇಳಿರುತ್ತಾರೆ. ಹೈದರಾಬಾದಿನವರಿಗೆ ಬೊಗ್ಗು, ನೇಲಬೊಗ್ಗು, ರಾಕ್ಷಸಿಬೊಗ್ಗು ಎಂಬುವು ಪರಿಚಿತ. ಚೆನ್ನೈಯಲ್ಲಿ ಕರಿ, ನಿಲಕ್ಕರಿ. ದಿಲ್ಲಿಯಲ್ಲಿ ಕೋಯ್ಲಾ, ಪತ್ಥರ್ ಕಾ ಕೋಯ್ಲಾ. ನಮ್ಮಲ್ಲಿ ಇದ್ದಿಲು, ಕಲ್ಲಿದ್ದಲು. ಈ ಎಲ್ಲ ಭಾಷೆಗಳಲ್ಲಿಯೂ ಮರದ ಇದ್ದಿಲು ವಿಶೇಷಣವಿಲ್ಲದ ಮೂಲಶಬ್ದ. ಗಣಿಯಿಂದ ಬಂದ ವಸ್ತು ಅನಂತರದ್ದಾಗಿ, ಕಲ್ಲಿನದು, ನೆಲದ್ದು, ರಾಕ್ಷಸಿಯದು ಎಂಬ ವಿಶೇಷಣವನ್ನು ಹೊತ್ತು ಬಂದಿದೆ. ಇಂಗ್ಲಿಷಿನ ಕೋಲ್ ಎಂಬ ಮಾತೂ ಹಿಂದೆ ಮರದ ಇದ್ದಿಲಿಗೇ ಸಲ್ಲುತ್ತಿತ್ತು. ಮರದ ಇದ್ದಿಲಿನ ಯುಗ ಎಷ್ಟು ದೀರ್ಘವಾಗಿತ್ತೆಂಬುದಕ್ಕೆ ಭಾಷೆಯೇ ಇಲ್ಲಿ ಸಾಕ್ಷಿ.

2. ನಿಷಿದ್ಧ ವೃತ್ತಿ ಮತ್ತು ಉಳಿಯದ ಶೇಷ

ಮಧ್ಯಕಾಲೀನ ಸಾಹಿತ್ಯದಲ್ಲಿ ಇದ್ದಿಲು ಎರಡು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಜೈನರ ಆಚಾರಗ್ರಂಥಗಳಲ್ಲಿ. ಶ್ವೇತಾಂಬರ ಆಗಮಗಳಲ್ಲಿ ಏಳನೆಯ ಅಂಗವಾದ ಉಪಾಸಕದಶಾ ಗ್ರಂಥವು ಶ್ರಾವಕರು ಮಾಡಬಾರದ ಹದಿನೈದು ವೃತ್ತಿಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದು ಇಂಗಾಲಕರ್ಮ, ಎಂದರೆ ಇದ್ದಿಲಿನಿಂದ ಜೀವನ. ಎರಡನೆಯದು ವನಕರ್ಮ, ಎಂದರೆ ಕಾಡು ಕಡಿದು ಜೀವನ. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯನು ಯೋಗಶಾಸ್ತ್ರದಲ್ಲಿ ಇದೇ ಪಟ್ಟಿಯನ್ನು ವಿವರಿಸುವಾಗ, ಅಂಗಾರಜೀವಿಕೆ ಎಂಬ ಒಂದೇ ಹೆಸರಿನ ಕೆಳಗೆ ಇದ್ದಿಲು ಸುಡುವವನ ಜೊತೆಗೆ ಕುಂಬಾರ, ಕಮ್ಮಾರ, ಅಕ್ಕಸಾಲಿಗರ ಕಸಬನ್ನೂ ಇಟ್ಟಿಗೆ ಸುಡುವುದನ್ನೂ ಸೇರಿಸುತ್ತಾನೆ.

ಈ ವರ್ಗೀಕರಣ ಗಮನಾರ್ಹವಾದುದು. ಬೆಂಕಿಯಿಂದ ನಡೆಯುವ ವೃತ್ತಿಗಳನ್ನೆಲ್ಲ ಒಂದು ಕುಟುಂಬವೆಂದು ಆ ಕಾಲದ ಶಾಸ್ತ್ರಕಾರ ಗುರುತಿಸಿದ್ದಾನೆ. ಆ ಕುಟುಂಬಕ್ಕೆ ಇದ್ದಿಲಿನ ಹೆಸರನ್ನಿಟ್ಟಿದ್ದಾನೆ. ಈ ನಿಷೇಧವನ್ನು ಇಂದಿನ ಪರಿಸರಚಿಂತನೆಯ ಪೂರ್ವರೂಪವೆಂದು ಓದುವುದು ತಪ್ಪಾದೀತು. ಅದರ ಕಾರಣ ಜೀವಹಿಂಸೆಯ ವಿಚಾರ. ಅಗ್ನಿಯಲ್ಲಿಯೂ ವನಸ್ಪತಿಯಲ್ಲಿಯೂ ಜೀವವುಂಟೆಂಬ ಸಿದ್ಧಾಂತ. ಕನ್ನಡದ ಜೈನ ಸಾಹಿತ್ಯ ಮುಖ್ಯವಾಗಿ ದಿಗಂಬರ ಪರಂಪರೆಯದಾದುದರಿಂದ ಈ ಪಟ್ಟಿಯನ್ನು ನೇರವಾಗಿ ಕನ್ನಡ ನಾಡಿಗೆ ಆರೋಪಿಸುವಂತೆಯೂ ಇಲ್ಲ. ಆದರೂ ಇಂಗಾಲ ಎಂಬ ಶಬ್ದವು ನಮ್ಮ ಪಠ್ಯಪುಸ್ತಕವನ್ನು ಸೇರುವುದಕ್ಕೆ ಬಹಳ ಮೊದಲೇ ಒಂದು ನೈತಿಕ ಪ್ರಶ್ನೆಯ ಹೆಸರಾಗಿತ್ತೆಂಬುದನ್ನು ನೆನಪಿಡಬೇಕು. ಕುಲುಮೆಯ ಫಲವನ್ನು ಅನುಭವಿಸುವವರು ಅದರ ಹಿಂಸೆಯಲ್ಲಿ ಪಾಲುದಾರರೇ ಎಂಬುದು ಆ ಪ್ರಶ್ನೆ. ನೇಗಿಲ ಗುಳವೂ ದೇವಾಲಯದ ಗಂಟೆಯೂ ಇಲ್ಲದೆ ಯಾವ ಸಮಾಜವೂ ಬದುಕಲಿಲ್ಲ. ಅವುಗಳನ್ನು ಮಾಡುವ ಕೆಲಸವು ಮಾತ್ರ ವ್ರತನಿಷ್ಠ ಶ್ರಾವಕನ ಮನೆಯ ಹೊರಗೆ, ಬೇರೆಯವರ ಪಾಲಿಗೆ ಉಳಿಯಿತು.

ಎರಡನೆಯದು ವಚನಗಳಲ್ಲಿ. ಕರ್ಪೂರದ ಬೆಟ್ಟವೇ ಹೊತ್ತಿಕೊಂಡರೂ ಅಲ್ಲಿ ಇದ್ದಿಲು ಉಳಿಯದೆಂಬ ರೂಪಕವನ್ನು ಅಲ್ಲಮಪ್ರಭು ಒಂದು ಪ್ರಸಿದ್ಧ ವಚನದಲ್ಲಿ ಬಳಸಿದ್ದಾನೆ. ಲಿಂಗದಲ್ಲಿ ಲೀನವಾದವನಿಗೆ ತಾನೆಂಬುದು ಉಳಿಯದೆಂಬುದನ್ನು ಸೂಚಿಸಲು ಇದಕ್ಕಿಂತ ಸಮರ್ಥವಾದ ಹೋಲಿಕೆ ದೊರೆಯಲಾರದು. ಇದ್ದಿಲೆಂದರೆ ಪೂರ್ತಿ ಸುಡದೆ ಉಳಿದದ್ದು, ಅಹಂಕಾರದ ಶೇಷ. ರೂಪಕವಾಗಿ ಇದು ಸರಿ, ವಸ್ತುಸ್ಥಿತಿಯಾಗಿಯೂ ಸರಿ. ಗಾಳಿಯಾಡದಂತೆ ಮುಚ್ಚಿ ಸುಟ್ಟಾಗ ಮರವು ಪೂರ್ತಿ ಉರಿಯದೆ ಇದ್ದಿಲಾಗುತ್ತದೆ. ಹೀಗೆ ಉರಿಯನ್ನು ತಡೆದು ನಿಲ್ಲಿಸುವುದೇ ಇದ್ದಿಲುಗಾರನ ವಿದ್ಯೆ. ಅನುಭಾವಿಗೆ ಬೇಡವಾದ ಆ ಶೇಷವೇ ಕಮ್ಮಾರನಿಗೆ ಬೇಕಾದದ್ದು.

ಕಾಯಕದ ಹೆಸರಿನಿಂದಲೇ ಗುರುತಾದ ಶರಣರ ಪರಂಪರೆಯಲ್ಲಿ ಕಾಡಿನಿಂದ ಸೌದೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯನಿಗೆ ದೊಡ್ಡ ಸ್ಥಾನವಿದೆ. ಸೌದೆಯವನು ಊರೊಳಗೆ ಬಂದು ಮನೆಮನೆಗೆ ಹೊರೆ ಹಾಕುತ್ತಾನೆ. ಅವನ ಮುಖ ಎಲ್ಲರಿಗೂ ಪರಿಚಯ. ಇದ್ದಿಲುಗಾರನಾದರೋ ಕಾಡಿನಲ್ಲಿ ಗೂಡಿನ ಪಕ್ಕದಲ್ಲಿ ದಿನಗಟ್ಟಲೆ ಕಾಯಬೇಕು; ಅವನ ವ್ಯವಹಾರ ಕುಲುಮೆಯವನೊಡನೆ ಮಾತ್ರ. ಒಬ್ಬನ ಹೆಸರು ಜನಮನದಲ್ಲಿ ನಿಂತು ಇನ್ನೊಬ್ಬನದು ನಿಲ್ಲದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

3. ಕುಲುಮೆಯೊಳಗೆ

ಇದ್ದಿಲು ಮಾಡುವ ಕ್ರಮ ಮೇಲುನೋಟಕ್ಕೆ ಸರಳ. ಒಣಗಿದ ಕೊರಡುಗಳನ್ನು ಒತ್ತಾಗಿ ಗೋಪುರದಂತೆ ಜೋಡಿಸಿ, ಸೊಪ್ಪುಸದೆ ಮುಚ್ಚಿ, ಮೇಲೆ ಮಣ್ಣು ಮೆತ್ತಿ, ಸಣ್ಣ ಕಂಡಿಗಳನ್ನು ಬಿಟ್ಟು ಬೆಂಕಿಯಿಕ್ಕುತ್ತಾರೆ. ಮೊದಲು ಬರುವ ದಟ್ಟ ಬಿಳಿ ಹೊಗೆ ಮರದೊಳಗಿನ ನೀರಿನದು. ಅನಂತರ ಹೊಗೆ ಹಳದಿಗೆ ತಿರುಗುತ್ತದೆ. ಕೊನೆಗೆ ತೆಳ್ಳಗಾಗಿ ನೀಲಿಯಾದಾಗ ಕಂಡಿಗಳನ್ನು ಮುಚ್ಚಬೇಕು. ಬೇಗ ಮುಚ್ಚಿದರೆ ಮರ ಹಸಿಯಾಗಿ ಉಳಿಯುತ್ತದೆ, ತಡವಾದರೆ ಎಲ್ಲವೂ ಬೂದಿ. ಹೀಗೆ ನಾಲ್ಕೈದು ಪಾಲು ಸೌದೆಯಿಂದ ಒಂದು ಪಾಲು ಇದ್ದಿಲು ದೊರೆಯುತ್ತದೆ. ತೂಕ ಇಳಿದರೂ ಶಾಖ ಏರುತ್ತದೆ. ಒಂದು ಸೇರು ಇದ್ದಿಲು ಕೊಡುವ ಶಾಖ ಅಷ್ಟೇ ತೂಕದ ಸೌದೆಯ ಶಾಖಕ್ಕಿಂತ ಸುಮಾರು ಎರಡರಷ್ಟು.

ಶಾಖವೊಂದೇ ಬೇಕಾಗಿದ್ದರೆ ಬೇರೆ ಇಂಧನವೂ ಸಾಕಾಗುತ್ತಿತ್ತೇನೋ. ಅದಿರೆಂದರೆ ಆಮ್ಲಜನಕದೊಡನೆ ಕೂಡಿದ ಕಬ್ಬಿಣ. ಆ ಆಮ್ಲಜನಕವನ್ನು ಯಾವುದಾದರೂ ಸೆಳೆದುಕೊಳ್ಳಬೇಕು. ತಿದಿಯ ಗಾಳಿಗೆ ಉರಿಯುವ ಇದ್ದಿಲಿನಿಂದ ಹೊರಡುವ ಅನಿಲವೇ ಆ ಕೆಲಸವನ್ನು ಮಾಡುತ್ತದೆ. ಆದುದರಿಂದ ಕುಲುಮೆಯಲ್ಲಿ ಇದ್ದಿಲು ಒಲೆಯ ಸೌದೆಯಂತೆ ಹೊರಗಿನಿಂದ ಕಾಯಿಸುವ ವಸ್ತುವಲ್ಲ. ಅದಿರಿನೊಡನೆ ಪದರಪದರವಾಗಿ ಬೆರೆತು ಅದನ್ನು ಒಳಗಿನಿಂದ ಬದಲಾಯಿಸುವ ದ್ರವ್ಯ. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಬ್ಬಿಣ ಕರಗಿ ಹರಿಯುವುದಿಲ್ಲ. ಕಿಟ್ಟ ಕರಗಿ ಇಳಿದು, ಮೆತ್ತನೆಯ ಕಬ್ಬಿಣದ ಉಂಡೆ ಉಳಿಯುತ್ತದೆ. ಅದನ್ನು ಅಡಿಗಲ್ಲಿನ ಮೇಲೆ ಮತ್ತೆ ಮತ್ತೆ ಬಡಿದು ಶುದ್ಧಗೊಳಿಸಬೇಕು.

ಈ ವಿದ್ಯೆಯ ಪ್ರಾಚೀನತೆಯನ್ನು ನಮಗೆ ತಿಳಿಸಿದ್ದೂ ಇದ್ದಿಲೇ. ಇಂದಿನ ಹಾವೇರಿ ಜಿಲ್ಲೆಯ ಹಳ್ಳೂರು ತುಂಗಭದ್ರಾ ತೀರದ ಒಂದು ಗ್ರಾಮ. ಅಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ನೆಲೆಯ ಮೇಲೆ ಕಬ್ಬಿಣದ ವಸ್ತುಗಳು ದೊರೆತವು. ಆ ಪದರಗಳ ಇದ್ದಿಲಿನ ಚೂರುಗಳನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ವಿಕಿರಣ ಇಂಗಾಲ ವಿಧಾನದಿಂದ ಪರೀಕ್ಷಿಸಲಾಗಿ ಕ್ರಿ.ಪೂ. 1000ದ ಸುಮಾರಿನ ಕಾಲ ಗೊತ್ತಾಯಿತು. ದಕ್ಷಿಣದ ಕಬ್ಬಿಣಯುಗದ ಚರ್ಚೆಗೆ ಅದು ತಿರುವು ಕೊಟ್ಟಿತು. 1949ರಲ್ಲಿ ಅಮೆರಿಕದ ಲಿಬ್ಬಿ ರೂಪಿಸಿದ ಈ ವಿಧಾನಕ್ಕೆ ಇದ್ದಿಲು ಉತ್ತಮ ಆಧಾರ, ಏಕೆಂದರೆ ಅದು ಕೊಳೆಯುವುದಿಲ್ಲ. ಆದರೆ ಪರೀಕ್ಷೆಯು ಹೇಳುವುದು ಮರ ಬೆಳೆದ ಕಾಲವನ್ನು, ಬೆಂಕಿಯಿಕ್ಕಿದ ಕಾಲವನ್ನಲ್ಲ. ಹಳೆಯ ಮರದ ತಿರುಳಿನಿಂದ ಬಂದ ಇದ್ದಿಲು ನೂರಾರು ವರ್ಷಗಳ ವ್ಯತ್ಯಾಸ ತೋರಬಲ್ಲದು. ಕಾಲನಿರ್ಣಯದ ಅಂಕಿಗಳನ್ನು ಉದ್ಧರಿಸುವ ಸಾಹಿತ್ಯವಿದ್ಯಾರ್ಥಿಗಳು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಮೆತ್ತನೆಯ ಕಬ್ಬಿಣವನ್ನು ಉಕ್ಕಾಗಿಸುವ ಹಂತದಲ್ಲಿ ಇಂಗಾಲದ ಎರಡನೆಯ ಮುಖ ಸ್ಪಷ್ಟವಾಗುತ್ತದೆ. ಟೀಪುವಿನ ಪತನಾನಂತರ ವೆಲ್ಲೆಸ್ಲಿಯ ಆಜ್ಞೆಯಂತೆ 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ತನ್ನ ಪ್ರವಾಸಕಥನವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದನು. ಕಬ್ಬಿಣ ಕರಗಿಸುವವರ, ಉಕ್ಕು ಮಾಡುವವರ ಕೆಲಸವನ್ನು ಅವನು ಕಣ್ಣಾರೆ ಕಂಡು ವಿವರಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನಿಟ್ಟು, ಅದರೊಡನೆ ತಂಗಡಿ ಗಿಡದ ಕಡ್ಡಿಗಳನ್ನೂ ಒಂದು ಬಳ್ಳಿಯ ಎರಡು ಹಸಿ ಎಲೆಗಳನ್ನೂ ಹಾಕಿ, ಬಾಯಿಯನ್ನು ಜೇಡಿಮಣ್ಣಿನಿಂದ ಮುಚ್ಚಿ, ಇದ್ದಿಲಿನ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಮೂಸೆಯ ಹೊರಗಿನ ಇದ್ದಿಲು ಶಾಖ ಕೊಡುತ್ತದೆ. ಒಳಗಿನ ಕಡ್ಡಿ, ಎಲೆಗಳು ಗಾಳಿಯಿಲ್ಲದೆ ಕರಿದಾಗಿ ತಮ್ಮ ಇಂಗಾಲವನ್ನು ಕಬ್ಬಿಣಕ್ಕೆ ಬಿಟ್ಟುಕೊಡುತ್ತವೆ. ಹೀಗೆ ನೂರಕ್ಕೆ ಒಂದೂವರೆ ಪಾಲಿನಷ್ಟು ಇಂಗಾಲವನ್ನು ಹೀರಿದ ಕಬ್ಬಿಣವು ಶುದ್ಧ ಕಬ್ಬಿಣಕ್ಕಿಂತ ಕಡಮೆ ಶಾಖದಲ್ಲಿ ಕರಗಿ ಉಕ್ಕಿನ ಗಟ್ಟಿಯಾಗುತ್ತದೆ. ಒಂದೇ ಮೂಸೆಯ ಹೊರಗೆ ಇಂಧನ, ಒಳಗೆ ದ್ರವ್ಯ. ಎರಡೂ ಕಾಡಿನಿಂದ ಬಂದವು.

ಕಬ್ಬಿಣ, ಉಕ್ಕು, ಬೀಡುಕಬ್ಬಿಣಗಳ ಭೇದಕ್ಕೆ ಅವುಗಳೊಳಗಿನ ಇಂಗಾಲದ ಪ್ರಮಾಣವೇ ಕಾರಣವೆಂದು ಫ್ರಾನ್ಸಿನ ವಾಂಡರ್‌ಮಾಂಡ್, ಬರ್ತೋಲೆ, ಮೋಂಜ್ ಎಂಬ ಮೂವರು 1786ರಲ್ಲಿ ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ, 1794ರಲ್ಲಿ, ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಭಾರತದ ಉಕ್ಕಿನ ಮಾದರಿಗಳನ್ನು ಲಂಡನ್ನಿಗೆ ಕಳುಹಿಸಿದನು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಪರೀಕ್ಷೆಯ ವರದಿಯನ್ನು ರಾಯಲ್ ಸೊಸೈಟಿಯಲ್ಲಿ ಮಂಡಿಸಿದನು. ಅಲ್ಲಿಂದ ವೂಟ್ಸ್ ಎಂಬ ಹೆಸರು ಯೂರೋಪಿನಲ್ಲಿ ಪ್ರಚಾರಕ್ಕೆ ಬಂದಿತು. ಇದು ಕನ್ನಡದ ಉಕ್ಕು ಶಬ್ದದ ವಿಕೃತರೂಪವೆಂಬ ಅಭಿಪ್ರಾಯ ಬಹುಮಟ್ಟಿಗೆ ಅಂಗೀಕೃತವಾಗಿದೆ. ಪ್ಯಾರಿಸ್ಸಿನ ವಿದ್ವಾಂಸರು ಕಾರಣವನ್ನು ಕಂಡುಕೊಂಡರು. ನಮ್ಮ ಉಕ್ಕಿನವರು ಬಹಳ ಮೊದಲೇ ಕಾರ್ಯವನ್ನು ಸಾಧಿಸಿದ್ದರು. ಅದನ್ನು ಬರೆದಿಡುವ ಅಭ್ಯಾಸ ಅವರಲ್ಲಿರಲಿಲ್ಲ. ಎರಡನ್ನೂ ತಮ್ಮ ತಮ್ಮ ಸ್ಥಾನದಲ್ಲಿ ಗೌರವಿಸಬೇಕು. ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಬೇಕಾಗಿಲ್ಲ.

ಈ ಉಕ್ಕಿನ ಉಪಯೋಗ ಕತ್ತಿಗಷ್ಟೇ ಸೀಮಿತವಾಗಿರಲಿಲ್ಲ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗಿ ದೂರದ ಪ್ರಾಂತಗಳಿಗೆ ಹೋಗುತ್ತಿದ್ದುದನ್ನು ಬುಕನನ್ ದಾಖಲಿಸಿದ್ದಾನೆ. ಮೈಸೂರಿನ ಪ್ರಸಿದ್ಧ ರಾಕೆಟ್ಟುಗಳ ಕೊಳವೆ ಇದ್ದಿಲಿನಿಂದ ಕರಗಿದ ಕಬ್ಬಿಣ. ಅದರೊಳಗಿನ ಮದ್ದಿನ ಮೂರು ದ್ರವ್ಯಗಳಲ್ಲಿ ಒಂದು ಇದ್ದಿಲಿನ ಪುಡಿ. ಕಾಡಿನ ಒಂದೇ ಪದಾರ್ಥ ವೀಣೆಯ ನಾದಕ್ಕೂ ರಣರಂಗದ ಸದ್ದಿಗೂ ಒದಗಿತ್ತು.

4. ಅಕ್ಷರದ ಕಪ್ಪು

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇನ್ನೂ ಹತ್ತಿರದ ವಿಷಯ ಬರವಣಿಗೆಯದು. ದಕ್ಷಿಣದ ಓಲೆಗರಿಗಳಲ್ಲಿ ಸಾಮಾನ್ಯವಾಗಿ ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆಯುತ್ತಿದ್ದರು. ಹಾಗೆ ಕೊರೆದ ಗೆರೆಗೆ ಬಣ್ಣವಿಲ್ಲ, ಓದಲು ಕಷ್ಟ. ಕಾಡಿಗೆಯನ್ನೋ ಇದ್ದಿಲಿನ ನುಣ್ಣನೆಯ ಪುಡಿಯನ್ನೋ ಎಣ್ಣೆ ಅಥವಾ ಸೊಪ್ಪಿನ ರಸದೊಡನೆ ಸವರಿ ಒರಸಿದಾಗ ಗೀರಿನೊಳಗೆ ಕಪ್ಪು ನಿಂತು ಅಕ್ಷರ ಕಾಣಿಸುತ್ತದೆ. ಪಂಪ, ರನ್ನ, ಜನ್ನರ ಕಾವ್ಯಗಳು ನಮ್ಮ ಕೈಸೇರಿದ್ದು ಹೀಗೆ ಕಪ್ಪೇರಿಸಿದ ಓಲೆಗಳ ಪ್ರತಿಯ ಪ್ರತಿಗಳಿಂದ. ಗೀರನ್ನು ಕೊರೆದದ್ದೂ ಇದ್ದಿಲಿನ ಕುಲುಮೆಯಲ್ಲಿ ಹುಟ್ಟಿದ ಕಬ್ಬಿಣ, ತುಂಬಿದ್ದೂ ಅದರ ಬಂಧುವಾದ ಕಪ್ಪು. ಮಸಿ ಎಂಬ ಒಂದೇ ಮಾತು ಒಲೆಯ ಕರಿಗೂ ಬರೆಯುವ ಶಾಯಿಗೂ ಕನ್ನಡದಲ್ಲಿ ಸಲ್ಲುತ್ತಿರುವುದು ಅರ್ಥಪೂರ್ಣ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಕೃತಿ. ಅದರ ಚಿತ್ರಪ್ರಕರಣದಲ್ಲಿ ಕಾಡಿಗೆಯನ್ನು ಅನ್ನದೊಡನೆ ನಾದಿ ಬತ್ತಿಯಂತೆ ಹೊಸೆದು ರೇಖೆಯೆಳೆಯುವ ಕಡ್ಡಿ ಮಾಡುವ ವಿಧಾನ ಬಂದಿದೆ. ಅರಮನೆಯ ಚಿತ್ರಕಾರನ ಮೊದಲ ಗೆರೆಯೂ ಇಂಗಾಲದ್ದೇ. ಈ ಕಪ್ಪಿನ ಗುಣವೆಂದರೆ ಅದು ಬೆಳಕಿಗೆ ಮಾಸುವುದಿಲ್ಲ, ತಾನು ಕುಳಿತ ಹಾಳೆಯನ್ನು ತಿನ್ನುವುದಿಲ್ಲ. ಯೂರೋಪಿನಲ್ಲಿ ರೂಢಿಯಲ್ಲಿದ್ದ ಕಬ್ಬಿಣದ ಲವಣದ ಶಾಯಿ ಕಾಲಕ್ರಮದಲ್ಲಿ ಕಂದಾಗಿ ಕಾಗದವನ್ನೇ ಕೊರೆದುಹಾಕುವುದುಂಟು. ನಮ್ಮ ಓಲೆಗಳಿಗೆ ಹುಳು ಹಿಡಿದಿದೆ, ಅಂಚು ಮುರಿದಿದೆ. ಉಳಿದ ಭಾಗದಲ್ಲಿ ಅಕ್ಷರದ ಕಪ್ಪು ಮಾತ್ರ ಹಾಗೆಯೇ ಇದೆ.

ಇದ್ದಿಲು ಬರಹದ ಹಿನ್ನೆಲೆಯೂ ಆದದ್ದು ಕಡತದಲ್ಲಿ. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಿನ ಪುಡಿಯನ್ನು ಕಲಸಿ ಉದ್ದನೆಯ ಬಟ್ಟೆಯ ಎರಡು ಮಗ್ಗುಲಿಗೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಓಲೆಯಲ್ಲಿ ಬಿಳುಪಿನ ಮೇಲೆ ಕಪ್ಪು, ಕಡತದಲ್ಲಿ ಕಪ್ಪಿನ ಮೇಲೆ ಬಿಳುಪು. ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಾದುದರಿಂದ ಅಂಗಡಿಯ ಲೆಕ್ಕಕ್ಕೂ ಶಾನುಭೋಗರ ದಾಖಲೆಗೂ ಅದು ಅನುಕೂಲವಾಗಿತ್ತು. ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ 1810ರ ತನ್ನ ಮೊದಲ ಸಂಪುಟದಲ್ಲಿ ಕಡತವನ್ನು ವರ್ಣಿಸಿದ್ದಾನೆ. ಶೃಂಗೇರಿ ಮಠದ ದಾಖಲೆಗಳಲ್ಲಿ ಕಡತಗಳ ಸಂಗ್ರಹ ಪ್ರಸಿದ್ಧವಾದುದು. ಇಂದು ಸರಕಾರಿ ಕಚೇರಿಯ ಕನ್ನಡದಲ್ಲಿ ಫೈಲಿಗೆ ಕಡತವೆಂದೇ ಹೆಸರು. ಕಡತ ಮುಂದೆ ಸರಿದಿಲ್ಲವೆಂದು ದೂರುವವರಿಗೆ ಆ ಶಬ್ದದೊಳಗಿನ ಇದ್ದಿಲು ಕಾಣದಿದ್ದರೆ ಆಶ್ಚರ್ಯವಿಲ್ಲ.

5. ಕಾಡು ತೆತ್ತ ಬೆಲೆ

ಈವರೆಗೆ ಇದ್ದಿಲಿನ ಉಪಕಾರವನ್ನು ಹೇಳಿದೆವು. ಅದರ ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು. ಹಳೆಯ ಕುಲುಮೆಯಲ್ಲಿ ಒಂದು ಪಾಲು ಕಬ್ಬಿಣಕ್ಕೆ ನಾಲ್ಕು ಪಾಲು ಇದ್ದಿಲು ಸಾಕಾಯಿತೆಂದು ಹಿಡಿದರೂ, ಅಷ್ಟು ಇದ್ದಿಲಿಗೆ ಹದಿನಾರರಿಂದ ಇಪ್ಪತ್ತು ಪಾಲು ಸೌದೆ ಬೇಕು. ಚದುರಿಹೋದ ಸಣ್ಣ ಕುಲುಮೆಗಳು, ವರ್ಷದ ಕೆಲವೇ ತಿಂಗಳ ಕೆಲಸ, ಕಡಿದ ಬುಡ ಮತ್ತೆ ಚಿಗುರಲು ಅವಕಾಶ, ಇವು ಇದ್ದಾಗ ಕಾಡು ಈ ಭಾರವನ್ನು ಹೇಗೋ ಹೊತ್ತಿತು. ಬೇಡಿಕ್ಕೆ ಒಂದೇ ಕಡೆ ಕೇಂದ್ರೀಕೃತವಾದಾಗ ತೊಡಕು ಪ್ರಾರಂಭವಾಯಿತು. ತಮಿಳುನಾಡಿನ ಪೋರ್ಟೋ ನೋವೋದಲ್ಲಿ, ಎಂದರೆ ಪರಂಗಿಪೇಟೆಯಲ್ಲಿ, ಜೋಸಯ್ಯ ಮಾರ್ಷಲ್ ಹೀತ್ 1830ರಲ್ಲಿ ಆಂಗ್ಲ ಮಾದರಿಯ ದೊಡ್ಡ ಕುಲುಮೆಯನ್ನು ಸ್ಥಾಪಿಸಿದನು. ಕಂಪನಿ ಸರಕಾರದ ನೆರವಿದ್ದೂ ಅದು ಏಳಿಗೆ ಹೊಂದಲಿಲ್ಲ. ಸುತ್ತಲಿನಿಂದ ಸಾಕಷ್ಟು ಇದ್ದಿಲು ಒದಗದಿದ್ದುದು ಅದರ ಅವನತಿಯ ಕಾರಣಗಳಲ್ಲಿ ಒಂದು.

ಇತ್ತ 1865 ಮತ್ತು 1878ರ ಅರಣ್ಯ ಕಾಯಿದೆಗಳು ಬ್ರಿಟಿಷ್ ಆಳ್ವಿಕೆಯ ಕಾಡುಗಳನ್ನು ಸರಕಾರದ ವಶಕ್ಕೆ ತಂದವು. ರೈಲುದಾರಿಯ ಹಾಸುಮರಗಳಿಗೆ ಬೇಕಾದ ಕಾಡಿನಲ್ಲಿ ಸಣ್ಣ ಇದ್ದಿಲುಗಾರನು ಅಪರಾಧಿಯಾದನು. ವಿಲಾಯತಿಯ ಅಗ್ಗದ ಕಬ್ಬಿಣ ಸಂತೆಗೆ ಬಂದಿತು. ಮಧ್ಯ ಭಾರತದ ಅಗರಿಯಾ ಜನರ ಕುಲುಮೆಗಳು ಹೇಗೆ ಆರಿದವೆಂಬುದನ್ನು ವೆರಿಯರ್ ಎಲ್ವಿನ್ 1942ರ ಗ್ರಂಥದಲ್ಲಿ ವಿವರಿಸಿದ್ದಾನೆ. ಕನ್ನಡ ನಾಡಿನ ಕಬ್ಬಿಣ ಕರಗಿಸುವವರ ವಿಷಯದಲ್ಲಿ ಅಂಥದೊಂದು ಪೂರ್ಣ ಪ್ರಮಾಣದ ಗ್ರಂಥ ಇಂದಿಗೂ ಅಪೇಕ್ಷಣೀಯ.

ಇಪ್ಪತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನವು ಇದ್ದಿಲಿನ ವಿದ್ಯೆಯನ್ನು ಹೊಸ ರೂಪದಲ್ಲಿ ಕೈಗೆತ್ತಿಕೊಂಡಿತು. ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ, 1923ರ ಜನವರಿಯಲ್ಲಿ ಬೀಡುಕಬ್ಬಿಣದ ಉತ್ಪಾದನೆ ಮೊದಲಾಯಿತು. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಕಲ್ಲಿದ್ದಲು ಬಂಗಾಳ, ಬಿಹಾರಗಳಷ್ಟು ದೂರ. ಆದುದರಿಂದ ಮಲೆನಾಡಿನ ಸೌದೆಯಿಂದ ಇದ್ದಿಲು ಮಾಡಿ ಕುಲುಮೆ ನಡೆಸುವ ಯೋಜನೆ ಸಿದ್ಧವಾಯಿತು. ಇದಕ್ಕಾಗಿ ಕಟ್ಟಿದ ಸ್ಥಾವರದಲ್ಲಿ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹಳ್ಳಿಯ ಗೂಡಿನಲ್ಲಿ ಹೊಗೆಯಾಗಿ ಹೋಗುತ್ತಿದ್ದ ಮರದ ಮದ್ಯಸಾರ, ಡಾಂಬರು ಮುಂತಾದ ಉಪವಸ್ತುಗಳನ್ನೂ ಹಿಡಿಯಲಾಗುತ್ತಿತ್ತು. ನಷ್ಟದಲ್ಲಿದ್ದ ಕಾರ್ಖಾನೆಯನ್ನು 1923ರಿಂದ 1929ರವರೆಗೆ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದಡ ಸೇರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಿದ್ದಾಗ ಬಸ್ಸುಗಳೇ ಇದ್ದಿಲಿನ ಅನಿಲದಿಂದ ಓಡಿದವು.

ಭದ್ರಾವತಿಯ ಮುಂದಿನ ಕಥೆಯಲ್ಲಿ ನಮ್ಮ ವಾದಕ್ಕೆ ನೇರವಾಗಿ ಸಂಬಂಧಿಸಿದ ಒಂದು ಅಂಶವಿದೆ. ಜೋಗದ ವಿದ್ಯುತ್ತು ಬಂದ ಮೇಲೆ 1952ರಲ್ಲಿ ಅಲ್ಲಿ ಬೀಡುಕಬ್ಬಿಣಕ್ಕೆ ವಿದ್ಯುತ್ ಕುಲುಮೆಗಳು ಬಂದವು. ಶಾಖಕ್ಕಾಗಿ ಸುಡುತ್ತಿದ್ದ ಇದ್ದಿಲಿನ ಪಾಲನ್ನು ಜಲಪಾತ ವಹಿಸಿಕೊಂಡಿತು. ಆದರೆ ಅದಿರಿನಿಂದ ಆಮ್ಲಜನಕವನ್ನು ಸೆಳೆಯುವ ಕೆಲಸ ವಿದ್ಯುತ್ತಿನಿಂದ ಆಗುವಂಥದಲ್ಲ. ಅದಕ್ಕೆ ಇಂಗಾಲ ಬೇಕೇ ಆಯಿತು. ವಿದ್ಯುತ್ತನ್ನು ಕುಲುಮೆಯೊಳಕ್ಕೆ ಒಯ್ಯುವ ದಂಡಗಳೂ ಇಂಗಾಲದವೇ. ಇಂಧನದ ಸ್ಥಾನ ಬದಲಾದರೂ ದ್ರವ್ಯದ ಸ್ಥಾನ ಬದಲಾಗಲಿಲ್ಲ. ಇಂಗಾಲದ ಬದಲು ಜಲಜನಕದಿಂದ ಅದಿರನ್ನು ಅಪಕರ್ಷಿಸಿ ತಯಾರಿಸಿದ ಉಕ್ಕನ್ನು ಸ್ವೀಡನ್ನಿನಲ್ಲಿ 2021ರಲ್ಲಿ ಮೊದಲ ಬಾರಿಗೆ ಗ್ರಾಹಕರಿಗೆ ಒದಗಿಸಲಾಯಿತು. ಆ ದಾರಿ ಇನ್ನೂ ಆರಂಭದ ಹಂತದಲ್ಲಿದೆ. ಮೂರು ಸಾವಿರ ವರ್ಷಗಳ ಒಂದು ಋಣವನ್ನು ತೀರಿಸುವುದು ಸುಲಭವಲ್ಲ.

6. ಉಳಿದ ಕೆಲಸ

ಇದ್ದಿಲು ಸುಡುವವರು ಇಂದಿಗೂ ಇದ್ದಾರೆ. ಕೊಂಕಣದ ರಾಯಗಡ ಪ್ರದೇಶದಲ್ಲಿ ಕಾತಕರಿ ಜನರು ತಮ್ಮ ಹೆಸರಿಗೆ ಕಾರಣವಾದ ಕಾಚು ತೆಗೆಯುವ ವೃತ್ತಿಯನ್ನು ಕಳೆದುಕೊಂಡು ಇದ್ದಿಲಿನ ಭಟ್ಟಿಗಳಲ್ಲಿ ಮುಂಗಡದ ಸಾಲಕ್ಕೆ ಸಿಕ್ಕಿ ದುಡಿದುದನ್ನು ಸಮಾಜಶಾಸ್ತ್ರಜ್ಞರು ದಾಖಲಿಸಿದ್ದಾರೆ. ತಮಿಳುನಾಡಿನ ರಾಮನಾಥಪುರದ ಕಡೆ, ನಾವು ಬಳ್ಳಾರಿ ಜಾಲಿಯೆಂದೂ ಅವರು ಸೀಮೈ ಕರುವೇಲಮ್ ಎಂದೂ ಕರೆಯುವ ಮರದಿಂದ ಇದ್ದಿಲು ತಯಾರಾಗುತ್ತದೆ. ಈ ವೃತ್ತಿಯ ಭಾಷೆ ಎಲ್ಲಿಯೂ ಪೂರ್ಣವಾಗಿ ಸಂಗ್ರಹವಾಗಿಲ್ಲ. ಗೂಡಿನ ಭಾಗಗಳಿಗೆ, ಹೊಗೆಯ ಬಣ್ಣಗಳಿಗೆ, ಇದ್ದಿಲಿನ ದರ್ಜೆಗಳಿಗೆ ಈ ಜನ ಬಳಸುವ ಮಾತುಗಳು ಅವರೊಡನೆಯೇ ಮರೆಯಾಗುತ್ತಿವೆ.

ಹೊರನಾಡಿನ ಕನ್ನಡ ಸಂಶೋಧಕರು ಈ ವಿಷಯದಲ್ಲಿ ವಿಶೇಷವಾದ ಸೌಲಭ್ಯ ಪಡೆದಿದ್ದಾರೆ. ಚೆನ್ನೈಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಮೆಕೆಂಜಿ ಸಂಗ್ರಹದ ಕನ್ನಡ ಕೈಫಿಯತ್ತುಗಳಿವೆ. ಅವುಗಳಲ್ಲಿ ಕುಲುಮೆ, ಕಾಡು, ಸುಂಕಗಳ ಉಲ್ಲೇಖಗಳನ್ನು ಹುಡುಕಬಹುದು. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಅರಣ್ಯ ಇಲಾಖೆಯ ದಾಖಲೆಗಳಿವೆ. ಮರಾಠಿ, ತೆಲುಗು, ತಮಿಳು ಪರಿಸರದಲ್ಲಿರುವವರು ಆಯಾ ಭಾಷೆಯ ವೃತ್ತಿಪದಗಳನ್ನು ಕನ್ನಡದ ಪದಗಳೊಡನೆ ಹೋಲಿಸಿ ಕೋಶವೊಂದನ್ನು ಸಿದ್ಧಪಡಿಸಬಹುದು. ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯಲ್ಲಿ ಗರಿಗಳ ಸಂಖ್ಯೆ, ಉದ್ದಗಲಗಳ ಜೊತೆಗೆ ಕಪ್ಪಿನ ಸ್ವರೂಪವನ್ನೂ ನಮೂದಿಸುವ ಕ್ರಮ ಬರಬೇಕು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ನೋಡುವ ಕಣ್ಣು ಸಾಕು.

ಸಾಹಿತ್ಯಚರಿತ್ರೆಯನ್ನು ಕವಿ, ಆಶ್ರಯದಾತ, ಲಿಪಿಕಾರ ಎಂಬ ಮೂವರಿಂದ ಕಟ್ಟುವುದು ನಮ್ಮ ರೂಢಿ. ಲಿಪಿಕಾರನ ಕೈಯ ಕಂಟಕ್ಕೆ ಕಮ್ಮಾರನೂ, ಕಮ್ಮಾರನ ಕುಲುಮೆಗೆ ಇದ್ದಿಲುಗಾರನೂ, ಅವನ ಗೂಡಿಗೆ ಕಾಡೂ ಬೇಕಾಗಿದ್ದವು. ಈ ಸರಪಣಿಯ ಕೊನೆಯ ಎರಡು ಕೊಂಡಿಗಳನ್ನು ಬಿಟ್ಟು ಬರೆದ ಚರಿತ್ರೆಯಲ್ಲಿ ಓಲೆಯ ಅಕ್ಷರ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಇರುತ್ತದೆ. ಉಳಿದ ಅರ್ಧವನ್ನು ಹುಡುಕುವ ಕೆಲಸಕ್ಕೆ ಆಸಕ್ತ ಸಂಶೋಧಕರು ತೊಡಗುವರೆಂದು ನಾವು ಆಶಿಸುತ್ತೇವೆ.